ಬೇಕು, ಸಾಲದು

‘ಬೇಕು’ ಎಂಬುದಕ್ಕೂ ‘ಸಾಲದು’ ಎಂಬುದಕ್ಕೂ ಇರುವ ಅಂತರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಜಾಹೀರಾತಾದರೋ ಮೊದಲನೆಯದಕ್ಕೆ ಎರಡನೆಯದರ ವೇಷ ತೊಡಿಸಿ ನಮ್ಮೆದುರು ನಿಲ್ಲಿಸುತ್ತದೆ. ಇರುವ ಕ್ಯಾಮರವನ್ನು ಬಿಟ್ಟು ಹೊಸದನ್ನು ಕೊಳ್ಳಬೇಕೆ ಬೇಡವೆ ಎಂದು ತೂಗಿ ನೋಡುವವನು ಮೊದಲು ಈ ವೇಷವನ್ನು ಕಳಚಬೇಕು.

ಸಂಖ್ಯೆಗಳಿಂದಲೇ ಪ್ರಾರಂಭಿಸೋಣ. 12 ಮೆಗಾಪಿಕ್ಸೆಲ್ 24 ಆಯಿತೆಂದರೆ ಇಮ್ಮಡಿಯಾಯಿತೆಂದು ಹಿಗ್ಗುತ್ತೇವೆ. ಅದು ವಿಸ್ತೀರ್ಣದ ಲೆಕ್ಕ. ಉದ್ದಗಲಗಳು ಬೆಳೆಯುವುದು ಸುಮಾರು 1.4 ಪಟ್ಟು ಮಾತ್ರ. 12 ಅಂಗುಲ ಉದ್ದ, 8 ಅಂಗುಲ ಅಗಲದ ಪಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಲು 9 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಚಿತ್ರದ ಮೂಲೆಯೊಂದನ್ನು ಕತ್ತರಿಸಿ ಹಿಗ್ಗಿಸುವ ಅಗತ್ಯವಿಲ್ಲದವನಿಗೆ ಉಳಿದುದು ಅಟ್ಟದ ಮೇಲಿನ ಹಂಡೆಯಂತೆ.

ಹಾಗೆಂದು ಹೊಸದೆಲ್ಲವೂ ಹುಸಿಯಲ್ಲ. ನಂದಿಯ ಭೋಗನಂದೀಶ್ವರ ದೇವಾಲಯದ ಒಳಗಿನ ಮಬ್ಬು ಬೆಳಕಿನಲ್ಲಿ ಕಂಬದ ಕೆತ್ತನೆಯನ್ನು ಚಿತ್ರಿಸಬೇಕೆನ್ನಿ. ಕೈನಡುಕವನ್ನು ಸರಿದೂಗಿಸುವ ಸೌಲಭ್ಯವಿಲ್ಲದಿದ್ದರೂ ಕ್ಯಾಮರವನ್ನು ಅಲುಗದಂತೆ ಇರಿಸಿದರೆ ಕೆಲಸವಾಗುತ್ತದೆ. ಶತಮಾನಗಳಿಂದ ನಿಂತ ಕಲ್ಲು ಇನ್ನೆರಡು ಸೆಕೆಂಡು ನಿಲ್ಲಲಾರದೆ? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಎತ್ತಿ ನೋಡುವ ರೀಲರನ ಕೈ ಹಾಗೆ ನಿಲ್ಲದು. ಆ ಸೌಲಭ್ಯ ನಮ್ಮ ಕೈಯ ನಡುಕವನ್ನು ತಡೆದೀತು, ಅವನ ಕೈಯ ಚಲನೆಯನ್ನು ತಡೆಯದು. ಅಲ್ಲಿ ಷಟರು ಬೇಗ ಮುಚ್ಚಬೇಕು. ಐಎಸ್‌ಒ 1600ರಿಂದ 3200ಕ್ಕೆ ಏರಿಸಿದರೆ ಅವಧಿ ಅರ್ಧಕ್ಕಿಳಿಯುತ್ತದೆ. ಆಗ ಹಳೆಯ ಕ್ಯಾಮರದ ಚಿತ್ರವೆಲ್ಲ ಕಾಳುಕಾಳಾಗಿ ಕೆಡುವುದಾದರೆ ಕೊರತೆ ನಿಜವಾದುದು.

ಇನ್ನು, ಇದ್ದುದರಲ್ಲಿ ತೃಪ್ತಿ ಎಂಬ ಗುಣದ ವಿಚಾರ. ತನ್ನ ಸಂತೋಷಕ್ಕಾಗಿ ಚಿತ್ರ ತೆಗೆಯುವವನಿಗೆ ಅದು ಭೂಷಣ. ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಮದುವೆಯ ಚಿತ್ರ ತೆಗೆದು ಬಾಳುವವನಿಗೆ? ಧಾರೆಯ ಗಳಿಗೆ ಮತ್ತೆ ಬಾರದು. ಚಿತ್ರಗಳನ್ನು ಏಕಕಾಲದಲ್ಲಿ ಎರಡು ಕಾರ್ಡುಗಳಲ್ಲಿ ಉಳಿಸುವ ಕ್ಯಾಮರವಿದ್ದರೆ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಕೈಲಾಗುವವನೂ ಸರಳತೆಯ ಹೆಸರಿನಲ್ಲಿ ಅದನ್ನು ಬೇಡವೆಂದರೆ, ಕಾರ್ಡು ಕೆಟ್ಟ ದಿನ ನಷ್ಟ ಅನುಭವಿಸುವವರು ವಧೂವರರು. ಪರರ ಖರ್ಚಿನಲ್ಲಿ ನಡೆಸುವ ವೈರಾಗ್ಯ ವೈರಾಗ್ಯವಲ್ಲ. ಆದರೆ ಸಾಲ ಮಾಡಿ ಕೊಂಡ ಕ್ಯಾಮರದ ಕಂತು ಮಕ್ಕಳ ಶಾಲೆಯ ಶುಲ್ಕವನ್ನು ನುಂಗಿದರೆ, ಅಲ್ಲಿಯೂ ತೆರುವವರು ಬೇರೆಯವರೇ. ಕೊಂಡರೆ ತೆರುವವರು ಯಾರು, ಕೊಳ್ಳದಿದ್ದರೆ ತೆರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿಕೊಂಡವನ ತೂಕವೇ ಸರಿಯಾದ ತೂಕ.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ನಮ್ಮ ಕೆಟ್ಟ ಚಿತ್ರಗಳನ್ನು ಮುಂದಿಟ್ಟುಕೊಳ್ಳುವುದು ಲೇಸು. ಅವು ಕೆಟ್ಟುದು ಯಂತ್ರದಿಂದಲೋ, ನಮ್ಮ ಅವಸರದಿಂದಲೋ? 2017ರಲ್ಲಿ ತೀರಿಕೊಂಡ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ಫಿಲ್ಮಿನ ಕಾಲದಲ್ಲಿಯೇ ಕಾಡುಪ್ರಾಣಿಗಳ ಚಿತ್ರಗಳಿಂದ ದೇಶವಿದೇಶಗಳ ಮನ್ನಣೆ ಪಡೆದವರು. 35 ಮಿಲಿಮೀಟರಿನ ಫಿಲ್ಮಿನ ಸುರುಳಿಯಲ್ಲಿ ಇರುತ್ತಿದ್ದುದು ಹೆಚ್ಚೆಂದರೆ 36 ಚಿತ್ರ. ಪ್ರತಿಯೊಂದನ್ನೂ ಕಾದು ತೆಗೆಯದೆ ಗತ್ಯಂತರವಿರಲಿಲ್ಲ. ಯಂತ್ರದ ಕೊರತೆಯನ್ನು ಹಣ ಕೊಟ್ಟು ತುಂಬಿಕೊಳ್ಳಬಹುದು. ಆ ಕಾಯುವ ಅಭ್ಯಾಸ ಮಾತ್ರ ಯಾವ ಹೊಸ ಮಾದರಿಯೊಂದಿಗೂ ಬರುವುದಿಲ್ಲ.