ಬಲಕ್ಕೆ ಭೂಷಣ

ಬಲಕ್ಕೆ ಭೂಷಣವಾವುದು, ಎಳೆಯುವುದೋ, ನಿಲ್ಲುವುದೋ? ನೀರಮಾನ್ವಿಯ ಗೃಹಸ್ಥನು ರಾಯಚೂರಿನಾಚೆ ಕೃಷ್ಣಾತೀರದ ಶಕ್ತಿನಗರಕ್ಕೆ ಹೋದರೆ ಇದಕ್ಕೆ ಉತ್ತರ ದೊರೆಯುವುದು.

ಅಲ್ಲಿ 1985ರಲ್ಲಿ ಆರಂಭವಾದ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಗೂಡ್ಸ್ ಗಾಡಿಗಳಲ್ಲಿ ಬರುತ್ತದೆ. ತುಂಬಿದ ವ್ಯಾಗನ್ ಒಂದರ ಭಾರ 80 ಟನ್ನಿಗೂ ಹೆಚ್ಚು. ವ್ಯಾಗನ್ನುಗಳನ್ನು ಬಿಡಿಸಿ, ಯಂತ್ರದಿಂದ ಬೋರಲುಮಾಡಿ ಇದ್ದಲನ್ನು ಸುರಿದು, ಬರಿದಾದವನ್ನು ಮರಳಿ ಜೋಡಿಸುತ್ತಾರೆ. ಕೊಂಡಿಗಳು ತಾವೇ ಕಚ್ಚಿಕೊಂಡರೂ ಬ್ರೇಕಿನ ಗಾಳಿಕೊಳವೆಯನ್ನು ಕೈಯಿಂದಲೇ ಸೇರಿಸತಕ್ಕದ್ದು. ಆಗ ಒಬ್ಬ ಮನುಷ್ಯನು ಎರಡು ವ್ಯಾಗನ್ನುಗಳ ನಡುವೆ ಇರುತ್ತಾನೆ. ಇಂಜಿನ್ನು ಅಲುಗಿದರೆ ಅವನ ಪ್ರಾಣಕ್ಕೇ ಅಪಾಯ. ಆದಕಾರಣ ಅವನು ಹೊರಬಂದು, ಹಸಿರು ಬಾವುಟ ಕಾಣುವವರೆಗೆ ಇಂಜಿನ್ನು ಕದಲಬಾರದೆಂಬುದು ಕಟ್ಟಳೆ.

ವ್ಯಾಗನ್ನುಗಳನ್ನು ಅವಧಿ ಮೀರಿ ತಡೆದರೆ ರೈಲ್ವೆಗೆ ಶುಲ್ಕ ತೆರಬೇಕಾಗುವುದರಿಂದ ಅವಸರವೂ ಉಂಟು. ಆದರೂ ಅಷ್ಟು ದೊಡ್ಡ ಬಲವು ಒಂದು ಚಿಕ್ಕ ಬಾವುಟಕ್ಕೆ ಕಾದು ನಿಲ್ಲುತ್ತದೆ. ಎಳೆಯುವುದು ಇದ್ದಲಿಗಾಗಿ, ನಿಲ್ಲುವುದು ಮನುಷ್ಯನಿಗಾಗಿ.

ಹೊಲದೊಡೆಯರೂ ಮನೆಯ ಯಜಮಾನರೂ ಇದನ್ನು ಮನನ ಮಾಡತಕ್ಕದ್ದು. ಆಳು ಬಾವಿಯೊಳಗಿರುವಾಗ ದಡದಲ್ಲಿ ನಿಂತು “ಬೇಗ, ಬೇಗ” ಎನ್ನುವವನು ಕಾಯಕವನ್ನು ಗೌರವಿಸಿದವನಲ್ಲ. ಕಳೆದ ಹೊತ್ತನ್ನು ನಾಳೆ ದುಡಿದು ತುಂಬಬಹುದು, ಕಳೆದ ಜೀವವನ್ನು ಯಾವ ದುಡಿಮೆಯೂ ತುಂಬಲಾರದು. ಮತ್ತೊಬ್ಬನ ಪ್ರಾಣಕ್ಕಾಗಿ ತಡೆದು ನಿಲ್ಲಬಲ್ಲ ಬಲವೇ ಬಲ.