ಯಂತ್ರವಿದ್ಯೆಯೂ ಗುರುದಕ್ಷಿಣೆಯೂ

ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ಹಿರಿಯರು ಹೇಳಿದುದಕ್ಕೆ ಕಾರಣವುಂಟು. ಅನ್ನವನ್ನೋ ಧನವನ್ನೋ ಕೊಟ್ಟವನ ಬಳಿಯಲ್ಲಿ ಕೊಟ್ಟಷ್ಟೂ ಕಡಮೆಯಾಗುವುದು. ವಿದ್ಯೆಯನ್ನು ಕೊಟ್ಟವನಿಗೆ ನಷ್ಟವಿಲ್ಲ. ಮನುಷ್ಯನು ಮನುಷ್ಯನಿಗೆ ಕಲಿಸುತ್ತಿದ್ದವರೆಗೆ ಈ ಮಾತನ್ನು ಯಾರೂ ಸಂದೇಹಿಸಬೇಕಾಗಿರಲಿಲ್ಲ. ಅವನು ಯಂತ್ರಕ್ಕೆ ಕಲಿಸತೊಡಗಿದ ಮೇಲೆ ಇದು ಪರೀಕ್ಷೆಗೆ ಒಳಗಾಗಿದೆ.

ಯಂತ್ರಸೇವಕನ ಕಲ್ಪನೆಯು ಹೊಸದಲ್ಲ. 11ನೆಯ ಶತಮಾನದ ಭೋಜರಾಜನ ‘ಸಮರಾಂಗಣಸೂತ್ರಧಾರ’ದಲ್ಲಿ ಯಂತ್ರವಿಧಾನಕ್ಕೆಂದೇ ಒಂದು ಅಧ್ಯಾಯವಿದ್ದು, ಬಾಗಿಲು ಕಾಯುವ ಯಂತ್ರಪುರುಷರ ಪ್ರಸ್ತಾಪವು ಅಲ್ಲಿ ಬರುತ್ತದೆ. ‘ರೋಬೋಟ್’ ಎಂಬ ಹೆಸರಾದರೋ 1920ರಲ್ಲಿ ಚೆಕ್ ಲೇಖಕನಾದ ಕಾರೆಲ್ ಚಾಪೆಕ್ಕನು ಬರೆದ ನಾಟಕದಿಂದ ಬಂದುದು. ಅದರ ಮೂಲಶಬ್ದಕ್ಕೆ ನಮ್ಮಲ್ಲಿ ‘ಬಿಟ್ಟಿ’ ಎಂದು ಕರೆಯುವ ಬಲಾತ್ಕಾರದ ದುಡಿಮೆಯೇ ಅರ್ಥ. ಕಾರ್ಖಾನೆಯೊಳಕ್ಕೆ ಯಂತ್ರಬಾಹುವು ಕಾಲಿಟ್ಟುದು 1961ರಲ್ಲಿ. ಅಮೆರಿಕದ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಯೊಂದರಲ್ಲಿ, ಕಾದ ಎರಕದ ತುಂಡುಗಳನ್ನು ಹೊರತೆಗೆಯುವ ಕೆಲಸವನ್ನು ಅದಕ್ಕೆ ವಹಿಸಿದರು.

ಆ ವಿದ್ಯೆಯು ಇಂದು ನಮ್ಮ ತರುಣರ ಜೀವನೋಪಾಯವಾಗಿದೆ. 1950ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಕುಶಲಕರ್ಮಿ ಶಿಕ್ಷಣಯೋಜನೆಗೆ ಸೇರಿದ ಐ.ಟಿ.ಐ.ಗಳಲ್ಲಿ ಕೈಗಾರಿಕಾ ರೋಬೋಟುಗಳಿಗೆಂದೇ ಒಂದು ವರ್ಷದ ಪಾಠಕ್ರಮವುಂಟು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಯಂತ್ರಶಿಕ್ಷಣಕ್ಕೆ ಹೆಸರಾದುದು. ಇಂತಹ ಶಾಲೆಗಳಲ್ಲಿ ವಿದ್ಯಾರ್ಥಿಯು ವಿದ್ಯುತ್ತು, ವಾಯುಚಾಲಿತ ಸಾಧನಗಳು, ಪಿ.ಎಲ್.ಸಿ. ಎಂಬ ನಿಯಂತ್ರಕದ ಕ್ರಮಲೇಖನ, ಆರು ಕೀಲುಗಳ ಬಾಹುವಿನ ಚಲನೆ ಇವುಗಳನ್ನು ಅಭ್ಯಾಸ ಮಾಡುವನು. ಬಾಹುವಿಗೆ ಪಾಠ ಹೇಳುವಾಗ ಅದರ ವೇಗವು ಸೆಕೆಂಡಿಗೆ 250 ಮಿಲಿಮೀಟರನ್ನು ಮೀರಕೂಡದು. ಕೈಯಲ್ಲಿ ಹಿಡಿದ ಪೆಂಡೆಂಟಿನ ಗುಂಡಿಯನ್ನು ಹದವಾಗಿ ಒತ್ತಿದ್ದರೆ ಮಾತ್ರ ಬಾಹುವು ಚಲಿಸುವುದು. ಬಿಟ್ಟರೂ ನಿಲ್ಲುವುದು, ಬಿಗಿಯಾಗಿ ಅದುಮಿದರೂ ನಿಲ್ಲುವುದು. ಬೆದರಿದವನ ಕೈ ಬಿಡುವುದೂ ಉಂಟು, ಬಿಗಿಯುವುದೂ ಉಂಟು; ಇದನ್ನು ತಿಳಿದೇ ಹೀಗೆ ಏರ್ಪಡಿಸಿರುವರು.

ಸುಶ್ರುತಸಂಹಿತೆಯಲ್ಲಿ ‘ಯೋಗ್ಯೆ’ ಎಂಬ ಅಭ್ಯಾಸವನ್ನು ವಿಧಿಸಿದೆ. ಶಿಷ್ಯನು ಸೋರೆ, ಸೌತೆ ಮುಂತಾದ ಕಾಯಿಗಳ ಮೇಲೆ ಛೇದನವನ್ನು ಕಲಿತ ಬಳಿಕವೇ ಮನುಷ್ಯದೇಹಕ್ಕೆ ಶಸ್ತ್ರವನ್ನು ಮುಟ್ಟಿಸತಕ್ಕದ್ದು. ಶಾಸ್ತ್ರವೆಲ್ಲವನ್ನೂ ಓದಿದವನಾದರೂ ಯೋಗ್ಯೆಯಿಲ್ಲದಿದ್ದರೆ ಕರ್ಮಕ್ಕೆ ಅರ್ಹನಲ್ಲ. ಯಂತ್ರಶಾಲೆಯ ಅಭ್ಯಾಸವೂ ಈ ಜಾತಿಯದೇ. ಆದರೆ ವೈದ್ಯನ ಶಸ್ತ್ರವು ಯಾರ ಮೇಲೆ ಪ್ರಯೋಗವಾಗುವುದೋ ಅವನ ಹಿತಕ್ಕಾಗಿಯೇ ಪ್ರಯೋಗವಾಗುವುದು. ಯಂತ್ರಬಾಹುವಿನ ವಿಷಯದಲ್ಲಿ ಹೀಗೆ ಹೇಳಬಹುದೆ?

ಬೆಸುಗೆಯ ಕಾರ್ಖಾನೆಯೊಂದನ್ನು ಭಾವಿಸಬಹುದು. ಇಪ್ಪತ್ತು ವರ್ಷ ಬೆಸುಗೆ ಹಾಕಿದ ಕೆಲಸಗಾರನೊಬ್ಬನು ಅಲ್ಲಿರುವನು. ಯಂತ್ರವು ಬರುವುದು. ಅದರೊಡನೆ ಬಂದ ತರುಣನು ಚಲನೆಯನ್ನು ಬಲ್ಲನೇ ಹೊರತು ಬೆಸುಗೆಯನ್ನು ಅರಿಯನು. ಎಲ್ಲಿ ನಿಧಾನಿಸಬೇಕು, ಯಾವ ಕೋನದಲ್ಲಿ ಹಿಡಿಯಬೇಕು, ಲೋಹವು ಯಾವಾಗ ಕೂಡಿತು ಎಂಬುದನ್ನು ಹಳಬನೇ ಹೇಳಿಕೊಡುವನು. ಅವನ ಕೈಯ ಬುದ್ಧಿಯು ಯಂತ್ರದ ಸ್ಮೃತಿಯಲ್ಲಿ ನೆಲೆಗೊಳ್ಳುವುದು. ಬಳಿಕ ಅವನ ಅವಶ್ಯಕತೆಯಿಲ್ಲವೆಂದು ಹೇಳುವರು. ಭಾರತದ ಕಥೆಯಲ್ಲಿ ಶಿಷ್ಯನಾದ ಏಕಲವ್ಯನು ಗುರುವಿಗೆ ಹೆಬ್ಬೆರಳನ್ನು ಕೊಟ್ಟನು. ಇಲ್ಲಿ ಕಲಿಸಿದವನೇ ಅದನ್ನು ಕಳೆದುಕೊಳ್ಳುವನು. ಆ ತರುಣನು ಬೆಸುಗೆಗಾರನೊಬ್ಬನ ಮಗನೇ ಆಗಿದ್ದರೆ, ತಂದೆಯ ಅನ್ನವನ್ನು ತೆಗೆಯುವ ವಿದ್ಯೆಯನ್ನು ಮಗನಿಗೆ ಕಲಿಸಿದ ಉಪಾಧ್ಯಾಯನು ದೋಷಿಯಲ್ಲವೆ?

“ಇವನು ಕಲಿಯದಿದ್ದರೆ ಮತ್ತೊಬ್ಬನು ಕಲಿಯುವನು” ಎಂಬುದು ಸಾಮಾನ್ಯವಾಗಿ ಬರುವ ಸಮಾಧಾನ. ಇದು ಧರ್ಮವಿಚಾರದಲ್ಲಿ ನಿಲ್ಲತಕ್ಕ ವಾದವಲ್ಲ; ಕಳ್ಳನೂ ಇದನ್ನೇ ಹೇಳಬಹುದು. ಇನ್ನೊಂದು ಸಮಾಧಾನವು ಇದಕ್ಕಿಂತ ಬಲವಾದುದು. ಬೆಸುಗೆಯ ಹೊಗೆಯು ಶ್ವಾಸಕೋಶಕ್ಕೂ ಅದರ ಬೆಳಕು ಕಣ್ಣಿಗೂ ಹಾನಿಕರ. ಅಂತಹ ದುಡಿಮೆಯಿಂದ ಮನುಷ್ಯನನ್ನು ಬಿಡಿಸುವುದು ಪುಣ್ಯವೇ ಸರಿ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊಗೆಯಿಂದ ಬಿಡುಗಡೆಯಾದವನು ಕೂಳಿನಿಂದಲೂ ಬಿಡುಗಡೆಯಾದರೆ ಅದನ್ನು ಉಪಕಾರವೆಂದು ಕರೆಯುವವರು ಯಾರು?

ವಿಚಾರಿಸಿ ನೋಡಿದರೆ ದೋಷವು ವಿದ್ಯೆಯಲ್ಲಿಲ್ಲ, ದಕ್ಷಿಣೆಯು ಸಲ್ಲದಿರುವುದರಲ್ಲಿದೆ. ಯಂತ್ರವು ಋಣವನ್ನರಿಯದು. ಅದರ ದುಡಿಮೆಯ ಫಲವನ್ನು ಪಡೆಯುವವನು ಯಜಮಾನನಾದುದರಿಂದ, ಅದರ ಗುರುಋಣವೂ ಅವನ ಮೇಲೆಯೇ ಬೀಳುವುದು. ಯಂತ್ರವನ್ನು ನಿಲ್ಲಿಸುವ ಮೊದಲೇ ಹಳಬನಿಗೆ ಪೆಂಡೆಂಟನ್ನು ಹಿಡಿಯಲು ಕಲಿಸಿ, ಅದರ ಮೇಲ್ವಿಚಾರಣೆಯನ್ನು ಅವನಿಗೆ ಒಪ್ಪಿಸುವುದು ದಯೆಯಲ್ಲ, ಋಣವಿಮೋಚನೆ. ಅದರಲ್ಲಿ ಯಜಮಾನನಿಗೂ ಲಾಭವುಂಟು. ಕೆಟ್ಟ ಬೆಸುಗೆಯನ್ನು ಕಂಡ ಕೂಡಲೇ ಗುರುತಿಸತಕ್ಕವನು ಆ ಹಳಬನಲ್ಲವೆ? ಎಲ್ಲರಿಗೂ ಅಲ್ಲಿ ಸ್ಥಳವಿರದೆಂಬುದು ನಿಜ. ಉಳಿದವರಿಗೆ ಬೇರೆ ವೃತ್ತಿಯನ್ನು ಕಲಿಸುವ ಹೊಣೆಯು ಯಜಮಾನನಿಗೂ ಸರ್ಕಾರಕ್ಕೂ ಸೇರಿದುದು.

ಉಪಾಧ್ಯಾಯನ ಕರ್ತವ್ಯವು ಬೇರೊಂದುಂಟು. ಒಂದು ಯಂತ್ರದ ಗುಂಡಿಗಳನ್ನು ಮಾತ್ರ ಕಲಿಸಿದರೆ, ಆ ಯಂತ್ರವು ಹಳತಾದ ದಿನವೇ ಶಿಷ್ಯನೂ ಹಳತಾಗುವನು. ಗಣಿತ, ವಿದ್ಯುತ್ತು, ಚಲನಶಾಸ್ತ್ರ ಇವುಗಳ ತತ್ತ್ವವನ್ನು ಕಲಿಸಿದರೆ ಅವನು ಮುಂದಿನ ಯಂತ್ರವನ್ನೂ ತಾನೇ ಓದಿಕೊಳ್ಳಬಲ್ಲನು.

ಈ ವಿದ್ಯೆಯ ಮೊದಲ ಪಾಠವೊಂದರಲ್ಲಿ ಇಡೀ ಪ್ರಶ್ನೆಗೆ ಉತ್ತರವು ಅಡಗಿರುವಂತಿದೆ. 1979ರ ಜನವರಿ 25ರಂದು ಅಮೆರಿಕದ ಮಿಶಿಗನ್ ಪ್ರಾಂತದ ಎರಕದ ಕಾರ್ಖಾನೆಯೊಂದರಲ್ಲಿ ಯಂತ್ರದ ಹೊಡೆತದಿಂದ ಕೆಲಸಗಾರನೊಬ್ಬನು ಮೃತನಾದನು. ಅಂತಹ ಅನಾಹುತಗಳನ್ನು ತಪ್ಪಿಸಲು ಒಂದು ನಿಯಮವುಂಟು. ದುರಸ್ತಿಗಾಗಿ ಬೇಲಿಯೊಳಕ್ಕೆ ಹೋಗುವ ಪ್ರತಿಯೊಬ್ಬನೂ ವಿದ್ಯುತ್ತನ್ನು ಕಡಿದ ಸ್ಥಾನಕ್ಕೆ ತನ್ನ ಬೀಗವನ್ನು ಹಾಕಿ, ಬೀಗದಕೈಯನ್ನು ತನ್ನ ಬಳಿಯಲ್ಲೇ ಇಟ್ಟುಕೊಳ್ಳುವನು. ಐವರು ಹೋದರೆ ಐದು ಬೀಗ. ಕಡೆಯವನು ಹೊರಬಂದು ತನ್ನ ಬೀಗವನ್ನು ತೆಗೆಯುವವರೆಗೆ ಯಂತ್ರವು ನಡೆಯಕೂಡದು. ದೇಹರಕ್ಷಣೆಗಾಗಿ ಒಪ್ಪಿಕೊಂಡ ಈ ನಿಯಮವನ್ನು ಜೀವನರಕ್ಷಣೆಗೂ ಒಪ್ಪಿಕೊಳ್ಳುವ ದಿನ ಬಂದರೆ, ಯಂತ್ರವಿದ್ಯೆಯನ್ನು ಕಲಿಸಿದವನು ತನ್ನ ಶಿಷ್ಯನ ತಂದೆಯ ಮುಖವನ್ನು ಸಂಕೋಚವಿಲ್ಲದೆ ನೋಡಬಹುದು.