ಶಕುನದ ಹಕ್ಕಿ, ತವರಿನ ಹಕ್ಕಿ

ಸಂಸ್ಕೃತದಲ್ಲಿ ‘ಶಕುನ’ವೆಂದರೆ ಹಕ್ಕಿ ಎಂದೂ ಅರ್ಥ, ಮುನ್ಸೂಚನೆ ಎಂದೂ ಅರ್ಥ. ಹಾರುವ ಪ್ರಾಣಿಯ ಹೆಸರೇ ಮನುಷ್ಯನ ಭಾಗ್ಯ ದುರ್ಭಾಗ್ಯಗಳ ಕುರುಹಿಗೂ ಹೆಸರಾಯಿತೆಂದ ಮೇಲೆ ಈ ನಂಬಿಕೆಯ ಪ್ರಾಚೀನತೆಯನ್ನು ಬೇರೆ ಹೇಳಬೇಕಾದುದಿಲ್ಲ. ರೋಮನರೂ ಯುದ್ಧಕ್ಕೆ ಮುನ್ನ ಹಕ್ಕಿಗಳ ಗತಿಯನ್ನು ಪರೀಕ್ಷಿಸುತ್ತಿದ್ದರು. ಕಾಗೆ ಅಂಗಳದಲ್ಲಿ ಕೂಗಿದರೆ ನೆಂಟರು ಬರುವರೆಂದೂ, ಅದೇ ಕಾಗೆ ತಲೆಗೆ ತಾಗಿದರೆ ಕೇಡೆಂದೂ, ಕೆಂಬೂತ ಕಣ್ಣಿಗೆ ಬಿದ್ದರೆ ಶುಭವೆಂದೂ, ಗೂಬೆ ಮನೆಯ ಮೇಲೆ ಕುಳಿತರೆ ಹಾನಿಯೆಂದೂ ಹೇಳುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಹಗಲೆಲ್ಲ ಗಣಕಯಂತ್ರದೊಡನೆ ತರ್ಕಬದ್ಧವಾಗಿ ವ್ಯವಹರಿಸುವವರ ನಡುವೆಯೂ ಈ ಭೀತಿ ಪೂರ್ಣವಾಗಿ ಅಳಿದಿಲ್ಲ.

ಇದಕ್ಕೆ ಉತ್ತರವನ್ನು ಪರದೇಶದಿಂದ ತರಬೇಕಾಗಿಲ್ಲ. ನಮ್ಮ ಪೂರ್ವಿಕರೇ ‘ಕಾಕತಾಳೀಯ’ವೆಂಬ ನ್ಯಾಯವನ್ನು ಹೇಳಿದ್ದಾರೆ. ಕಾಗೆ ಕುಳಿತುಕೊಂಡ ಕಾಲವೂ ತಾಳೆಯ ಹಣ್ಣು ಬಿದ್ದ ಕಾಲವೂ ಒಂದೇ ಆಗಬಹುದು. ಅಷ್ಟರಿಂದ ಒಂದು ಇನ್ನೊಂದಕ್ಕೆ ಕಾರಣವಾಗದು. ಹಾಲಕ್ಕಿಯೆಂಬ ಪುಟ್ಟ ಗೂಬೆಯನ್ನು ನೋಡಿರಿ. ಬುಡಬುಡಕೆಯವನ ಬಾಯಲ್ಲಿ ಅದರ ನುಡಿ ಭವಿಷ್ಯವಾಣಿ. ಶಾಸ್ತ್ರಜ್ಞರು ಅದಕ್ಕಿಟ್ಟ ‘ಅಥೀನೆ ಬ್ರಾಮ’ ಎಂಬ ಹೆಸರಿನಲ್ಲಿ ಗ್ರೀಕರ ವಿದ್ಯಾದೇವತೆಯೂ ನಮ್ಮ ಬ್ರಹ್ಮನೂ ಕೂಡಿದ್ದಾರೆ. ಬುಡಬುಡಕೆಯವನಿಗೆ ಅಕ್ಕಿ ನೀಡಿ ಕಳುಹಿಸಿದ ಮನೆಯೇ ಸಂಜೆ ಅದನ್ನು ಬರಿಯ ಗೂಬೆಯೆಂದು ಕಲ್ಲೆಸೆದು ಓಡಿಸಲೂಬಹುದು. ಹಕ್ಕಿ ಒಂದೇ, ಅದರ ಮೇಲೆ ನಾವು ಹೊರಿಸಿದ ಅರ್ಥಗಳು ಮೂರು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಅಪಶಕುನದ ನಂಬಿಕೆ ಹಕ್ಕಿಯನ್ನು ಕೊಲ್ಲಿಸುವುದಾದರೆ, ಶುಭಶಕುನದ ನಂಬಿಕೆ ಅದನ್ನು ಕಾಯುವುದಷ್ಟೆ? ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷ ವರ್ಷವೂ ಬಂದು, ಮನೆಗಳ ನಡುವಣ ಹುಣಿಸೆ ಮರಗಳಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. ಅವು ಬಂದರೆ ಊರಿಗೆ ಒಳಿತೆಂದು ಜನರ ನಂಬಿಕೆ. ಈ ಸುಳ್ಳು ಹಿತಕರವಾಗಿರುವಾಗ ವಿಚಾರವಂತನು ಅದನ್ನು ಕೆಡಿಸತಕ್ಕದ್ದೆ?

ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾಗದು. ಆದರೆ ಲಾಭವನ್ನು ನಿರೀಕ್ಷಿಸಿ ಮಾಡಿದ ಪೂಜೆ ಲಾಭವು ತಪ್ಪಿದ ದಿನ ನಿಂತುಹೋಗುತ್ತದೆ. ಮಳೆ ಬಾರದ ವರ್ಷ ಶುಭದ ಹಕ್ಕಿಯೇ ಅಶುಭದ್ದಾಗುವುದಕ್ಕೆ ತಡವಿಲ್ಲ. ಬೆಳ್ಳೂರಿಗೆ ಅಂತಹ ಪರೀಕ್ಷೆಯೂ ಬಂದಿತ್ತು. ಹಿಂದೆ ಪ್ಲೇಗು ಬಂದಾಗ ಊರವರು ಶಿಂಷಾ ನದಿಯ ದಡದ ಹಳೆಯ ಊರನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದರೆಂದೂ, ಹಕ್ಕಿಗಳೂ ಹಿಂಬಾಲಿಸಿದುವೆಂದೂ ಅಲ್ಲಿಯವರು ಹೇಳುತ್ತಾರೆ. ಶಕುನದ ಲೆಕ್ಕದಲ್ಲಿ ರೋಗವನ್ನು ತಂದವು ಈ ಹಕ್ಕಿಗಳೇ ಎನ್ನುವುದು ಎಷ್ಟು ಸುಲಭವಾಗಿತ್ತು! ಜನರು ಹಾಗೆನ್ನಲಿಲ್ಲ, ಕಷ್ಟದಲ್ಲಿ ನಮ್ಮೊಡನೆ ಬಂದವು ಎಂದರು.

ಆದುದರಿಂದ ಅಲ್ಲಿ ಹಕ್ಕಿಗಳನ್ನು ಉಳಿಸಿದುದು ಶಕುನವೊಂದೇ ಅಲ್ಲ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಊರವರು ಅವನ್ನು ಭಾವಿಸುತ್ತಾರೆ. ಮಗಳು ಭಾಗ್ಯವನ್ನು ತರುವಳೆಂದು ಯಾವ ತಾಯಿಯೂ ಬಾಗಿಲು ತೆರೆಯುವುದಿಲ್ಲ. ಮಗಳಿಗೆ ಆಸರೆ ಬೇಕೆಂದು ತೆರೆಯುತ್ತಾಳೆ. ಆ ಆಸರೆಗೆ ಬೆಲೆಯೂ ಉಂಟು. ಹಿಕ್ಕೆ ಗೊಬ್ಬರಕ್ಕೆ ಒದಗುವುದು ನಿಜ. ಆದರೆ ದುರ್ವಾಸನೆಯನ್ನು ಸಹಿಸಬೇಕು, ಹುಣಿಸೆಯ ಫಸಲು ಕಡಮೆಯಾಗುತ್ತದೆ. ಇದಕ್ಕಾಗಿ ಅರಣ್ಯ ಇಲಾಖೆ ಮರಗಳ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡನ್ನು ಮಾಡಿತು. 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪಶುವೈದ್ಯರು ಪರೀಕ್ಷಿಸಿ, ಅವುಗಳ ಒಡಲಲ್ಲಿ ಜಂತುಹುಳುಗಳನ್ನು ಕಂಡರು. ಶಕುನಗಾರನು ಇದರಲ್ಲಿ ಊರಿನ ಕೇಡನ್ನು ಓದುತ್ತಿದ್ದನು. ಬಂಧುವಾದವನು ಅವು ಮೀನು ಹಿಡಿದ ಕೆರೆಯ ನೀರು ಹೇಗಿದೆಯೆಂದು ಕೇಳುತ್ತಾನೆ.

ಶಕುನಕ್ಕೂ ಸ್ನೇಹಕ್ಕೂ ಭೇದವಿರುವುದು ಇಲ್ಲಿಯೇ. ಶುಭವೆಂದರೂ ಅಶುಭವೆಂದರೂ ಶಕುನ ನೋಡುವವನ ದೃಷ್ಟಿ ತನ್ನ ಮೇಲೆಯೇ ಇರುತ್ತದೆ. ಹಕ್ಕಿ ಅವನಿಗೆ ಬರಿಯ ಕಾಗದದ ಓಲೆ. ಗೂಬೆಗೆ ನಾವು ಮಾಡುವ ಅನ್ಯಾಯದ ಮೂಲವೂ ಇದೇ. ಅದು ಇಲಿಗಳನ್ನು ಹಿಡಿದು ನಮಗೆ ಉಪಕಾರವನ್ನೇ ಮಾಡುತ್ತಿದೆ. ಅದನ್ನು ಬೇಟೆಯಾಡುವುದನ್ನೂ ಮಾರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಆದರೂ ನಮ್ಮ ಸಾಲಕ್ಕೂ ರೋಗಕ್ಕೂ ಕಲಹಕ್ಕೂ ಹೊಣೆಯನ್ನು ನಾವು ಹೊರಲಾರದೆ ಮಾತು ಬಾರದ ಪ್ರಾಣಿಯ ತಲೆಗೆ ಕಟ್ಟುತ್ತೇವೆ.

ಮರದ ಪೊಟರೆಗಳು ಹೋದ ಮೇಲೆ ಗೂಬೆ ನಗರದ ಕಟ್ಟಡಗಳ ಸಂದುಗಳನ್ನು ಅರಸಿ ಬರುತ್ತದೆ. ಹಾಗೆ ಬಂದು ಹತ್ತನೆಯ ಅಂತಸ್ತಿನ ಕಿಟಕಿಯಲ್ಲಿ ಕುಳಿತ ಹಕ್ಕಿಯನ್ನು ಕಂಡಾಗ, ಇದು ನಮಗೇನು ತಂದಿತು ಎನ್ನುವುದಕ್ಕೆ ಮೊದಲು, ಇದಕ್ಕೆ ಏನು ಬೇಕಾಗಿದೆ ಎಂದು ಮನೆಯ ಹಿರಿಯರು ಕೇಳಲಿ. ಮಕ್ಕಳು ಅದನ್ನು ಕೇಳಿ ಬೆಳೆದರೆ ಸಾಕು.